ನೋಟ, ಭೇಟಿ

ಹದಿನಾಲ್ಕು ಜಾಗಗಳಲ್ಲಿ ಐದನ್ನು ಆರಿಸಿ ಸಂಜೆ ನಾಲ್ಕು ಗಂಟೆಯೊಳಗೆ ಕಳಿಸಬೇಕಿತ್ತು. ಪ್ರವಾಸದ ಕಂಪನಿಯಲ್ಲಿ ಕೂತು ಬೇರೆಯವರಿಗಾಗಿ ಅವನು ಇಪ್ಪತ್ತಾರು ವರ್ಷಗಳಿಂದ ಮಾಡಿಕೊಂಡು ಬಂದ ಕೆಲಸವೇ ಇದು; ನಡುವೆ ಚಹಾ ಕುಡಿದು, ಒಂದೆರಡು ಫೋನಿಗೆ ಉತ್ತರ ಹೇಳಿದರೂ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಇವತ್ತು ಬೆಳಿಗ್ಗೆಯಿಂದ ಹಾಳೆ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಪ್ರವಾಸಿಗರು ಎಂದು ಅಚ್ಚಾದ ಕಡೆ ಮೊದಲು ಅಕ್ಕನ ಹೆಸರು, ಅದರ ಕೆಳಗೆ ತನ್ನದು. ತನ್ನ ಹೆಸರನ್ನು ಆ ಜಾಗದಲ್ಲಿ ಬರೆದದ್ದು ಇದೇ ಮೊದಲಾದ್ದರಿಂದ ಅದು ಬೇರೆ ಯಾರದೋ ಅಂಗಿ ತೊಟ್ಟು ನಿಂತ ಹಾಗೆ ಕಾಣುತ್ತಿತ್ತು. ಎದುರಿನ ಮೇಜಿನಲ್ಲಿ ಟಿಕೆಟ್ ನೋಡಿಕೊಳ್ಳುವ ಹೆಂಗಸು ಯಾರೂ ಕೇಳದಿದ್ದರೂ ಗಂಟೆಗೊಮ್ಮೆ ಸಮಯ ಹೇಳುತ್ತಿದ್ದುದರಿಂದ ಆಫೀಸಿನಲ್ಲೆಲ್ಲ ಗಡಿಯಾರದಮ್ಮ ಎಂದೇ ಹೆಸರಾಗಿದ್ದರು. ಅವರು ಕನ್ನಡಕದ ಮೇಲಿನಿಂದ ನೋಡಿ, "ಹನ್ನೆರಡಾಯ್ತು. ಆ ದೇಶದ ಏಜೆಂಟರು ನಾಲ್ಕಕ್ಕೆ ಬಾಗಿಲು ಹಾಕ್ತಾರೆ, ಆಮೇಲೆ ಈ ಗುಂಪಿಗೆ ಸೇರಿಸಲ್ಲ" ಎಂದರು. ಗೊತ್ತು ಎಂದ. "ಸ್ವಂತ ಅಕ್ಕನಿಗೆ ಆರಿಸೋದು ಅಂದ್ರೆ ಕಷ್ಟಾನೇ ಬಿಡಿ" ಎಂದು ಅವರು ನಕ್ಕರು. ಅವನೂ ನಕ್ಕ.

ಅಕ್ಕನ ಜೊತೆ ಹೋಗಬೇಕಿದ್ದ ಆ ದೇಶ ದೊಡ್ಡದು, ಬಹಳ ಹಳೆಯದು. ರೈಲಿನಲ್ಲಿ ಕೂತರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಐದು ದಿನ ಬೇಕು. ಒಬ್ಬ ರಾಜ ಕಟ್ಟಿದ್ದನ್ನು ಇನ್ನೊಬ್ಬ ಕೆಡವಿ, ಕೆಡವಿದ ಕಲ್ಲಿನಿಂದಲೇ ಮತ್ತೊಬ್ಬ ಕಟ್ಟಿ, ಹೀಗೆ ಸಾವಿರಾರು ವರ್ಷ ನಡೆದು ಈಗ ಎಲ್ಲಿ ಅಗೆದರೂ ನೋಡಲೇಬೇಕಾದ ಏನಾದರೊಂದು ಸಿಗುತ್ತದೆ. ಎಲ್ಲಾ ನೋಡೋಕಾಗಲ್ಲ ಸಾರ್, ಆರಿಸ್ಕೋಬೇಕು, ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ನೀವು ಹೋಗಿದ್ದೀರಾ ಎಂದು ಯಾರಾದರೂ ಕೇಳಿದರೆ ಮೊದಮೊದಲು ಇಲ್ಲ ಎನ್ನುತ್ತಿದ್ದ, ಆಮೇಲೆ ಸುಮ್ಮನೆ ಮುಗುಳ್ನಗುತ್ತಿದ್ದ, ಈಗ್ಗೆ ಎಷ್ಟೋ ವರ್ಷಗಳಿಂದ ಹೌದು ಎಂದುಬಿಡುತ್ತಿದ್ದ. ಆ ದೇಶದ ಗೈಡುಗಳು ಕಳಿಸಿದ ಕಾಗದ, ಫೋಟೋಗಳನ್ನು ಮುಂದಿಟ್ಟುಕೊಂಡು ಅವನು ಬರೆದ ವರ್ಣನೆ ಓದಿದರೆ ಅವನು ಅಲ್ಲೇ ಹುಟ್ಟಿ ಬೆಳೆದವನು ಅನಿಸಬೇಕು. ಒಮ್ಮೆ ಒಬ್ಬ ನಿವೃತ್ತ ಮಾಸ್ತರರು ಪ್ರವಾಸ ಮುಗಿಸಿ ನೇರ ಅವನ ಮೇಜಿಗೇ ಬಂದು, ನೀವು ಬರೆದ ಕಮಲದ ಕೊಳದಲ್ಲಿ ನೀರೇ ಇಲ್ಲವಲ್ಲ ಸ್ವಾಮಿ, ನೀವು ಹೋದಾಗ ಇತ್ತಾ, ಎಂದು ಎಲ್ಲರೆದುರಿಗೆ ಕೇಳಿದ್ದರು. ಕಂಪನಿಯ ಯಜಮಾನರು ಗಾಜಿನ ಕೋಣೆಯೊಳಗಿನಿಂದ ತಲೆಯೆತ್ತಿ ನೋಡಿದರು. ಇತ್ತು ಸಾರ್, ತುಂಬಾ ಇತ್ತು, ಎಂದು ಅವನು ಹೇಳಿದ. ಮಾಸ್ತರರು ಅವನ ಮುಖವನ್ನೇ ನೋಡಿ, ಏನೋ ಅರ್ಥವಾದವರ ಹಾಗೆ ಮೆತ್ತಗೆ, ಇದ್ದಿರಬಹುದು ಬಿಡಿ, ಎಂದು ಹೊರಟುಹೋದರು. ಅವರು ಜಗಳ ಆಡಿದ್ದರೆ ಚೆನ್ನಾಗಿತ್ತು.

ಹಾಳೆಯಲ್ಲಿ ಪ್ರತಿ ಜಾಗದ ಮುಂದೆಯೂ ಒಂದು ಸಣ್ಣ ಚೌಕ. ಅದರಲ್ಲಿ ಭೇ ಅಥವಾ ನೋ ಎಂದು ಬರೆಯಬೇಕು. ಭೇ ಅಂದರೆ ಭೇಟಿ: ಬಸ್ಸು ನಿಲ್ಲುತ್ತದೆ, ಜನ ಇಳಿಯುತ್ತಾರೆ, ಒಳಗೆ ಹೋಗುತ್ತಾರೆ. ನೋ ಅಂದರೆ ನೋಟ: ಬಸ್ಸು ನಿಧಾನವಾಗುತ್ತದೆ ಅಷ್ಟೆ, ಗೈಡು ಎಡಗಡೆ ನೋಡಿ ಎನ್ನುತ್ತಾನೆ, ಎಡಗಡೆ ಕೂತವರು ನೋಡುತ್ತಾರೆ, ಬಲಗಡೆಯವರು ಎದ್ದು ನಿಲ್ಲುವುದರೊಳಗೆ ಅದು ಹಿಂದಕ್ಕೆ ಹೋಗಿರುತ್ತದೆ. ಇದನ್ನು ಕಂಡುಹಿಡಿದವರು ಯಜಮಾನರು. ನೋಟಕ್ಕೆ ಟಿಕೆಟ್ ಬೇಡ, ನೆರಳು ಬೇಡ, ಪಾಯಖಾನೆ ಬೇಡ ಕಣಯ್ಯಾ, ಆದರೆ ನೋಡಲಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ, ಎಂದು ಅವರು ಖುಷಿಯಿಂದ ತೊಡೆ ತಟ್ಟಿಕೊಂಡಿದ್ದರು. ಜಾಹೀರಾತಿನಲ್ಲಿ ಎರಡನ್ನೂ ಸೇರಿಸಿ ಹದಿನಾಲ್ಕು ಸ್ಥಳಗಳು ಎಂದೇ ಅಚ್ಚು ಹಾಕಿಸುತ್ತಿದ್ದರು. ಐದು ಮಾತ್ರ ಭೇಟಿ, ಉಳಿದ ಒಂಬತ್ತು ಕಿಟಕಿಯಿಂದ. ಇದು ಮೋಸ ಎಂದು ಅವನಿಗೆ ಮೊದಲ ವಾರ ಅನಿಸಿತ್ತು. ಎರಡನೇ ವಾರದಿಂದ ಅವನೇ ಚೌಕ ತುಂಬತೊಡಗಿದ್ದ. ನೋಡಿದ್ದು ನೋಡಿದ್ದೇ ತಾನೆ. ಯಾವ ಕೋರ್ಟಿನಲ್ಲಿ ಕೇಳಿದರೂ ನೋಡಿದ್ದೇ.

ನೋಡಿಕೊಂಡು ಬಂದೆ ಎಂದು ಅವನು ಅಕ್ಕನಿಗೆ ಹೇಳಿದ್ದ. ಹನ್ನೊಂದು ವರ್ಷದ ಹಿಂದೆ, ಆಸ್ಪತ್ರೆಯಿಂದ ಬಂದು, ಬಾಗಿಲಲ್ಲೇ ನಿಂತು. ಹದಿನೆಂಟು ದಿನ ಅಕ್ಕ ಅಮ್ಮನ ಮಂಚದ ಪಕ್ಕದಲ್ಲೇ ಇದ್ದಳು, ಸ್ಟೂಲಿನ ಮೇಲೆ ಕೂತು ಗೋಡೆಗೆ ತಲೆಯಾನಿಸಿ ನಿದ್ದೆ ಮಾಡುತ್ತಿದ್ದಳು. ಹತ್ತೊಂಬತ್ತನೇ ದಿನ ಬೆಳಿಗ್ಗೆ, ಇವತ್ತೊಂದು ದಿನ ನೀನು ಹೋಗು ಮರಿ, ನಾನು ಸ್ನಾನ ಮಾಡಿ ಸ್ವಲ್ಪ ಮಲಗ್ತೀನಿ, ಎಂದು ಅವನ ಕೈಗೆ ಒಂದು ಜೊತೆ ಉಣ್ಣೆಯ ಕಾಲುಚೀಲ ಕೊಟ್ಟಳು. ಆಸ್ಪತ್ರೆಯಲ್ಲಿ ಕೂತು ಅವಳೇ ಹೆಣೆದದ್ದು. ಅಮ್ಮನಿಗೆ ಎಡಗಾಲು ಯಾವಾಗಲೂ ತಣ್ಣಗಿರುತ್ತಿದ್ದುದರಿಂದ ಎಡದ್ದಕ್ಕೆ ಎರಡೆಳೆ ಹಾಕಿದ್ದಳು. ಹೋದ ತಕ್ಷಣ ಹಾಕು, ಎಡದ್ದು ದಪ್ಪಗಿದೆ, ತಿಳೀತಾ, ಎಂದಿದ್ದಳು. ಅವನು ಹೋದ. ವಾರ್ಡಿನ ಬಾಗಿಲಿಗೆ ಎದೆಮಟ್ಟದಲ್ಲಿ ಒಂದು ಗಾಜು ಇತ್ತು, ಬಗ್ಗಿ ನೋಡಿದರೆ ಮೂರನೇ ಮಂಚ ಕಾಣುತ್ತಿತ್ತು. ಬಗ್ಗಿ ನೋಡಿದ. ಅಮ್ಮ ಬಾಯಿ ತೆರೆದುಕೊಂಡು ಮಲಗಿದ್ದಳು, ಮೂಗಿಗೆ ಕೊಳವೆ, ತಲೆ ಇಷ್ಟು ಚಿಕ್ಕದಾಗಿಬಿಟ್ಟಿತ್ತು. ಒಳಗೆ ಹೋದರೆ ಅವಳು ಕಣ್ಣು ಬಿಡಬಹುದು, ಕಣ್ಣು ಬಿಟ್ಟರೆ ಏನಾದರೂ ಮಾತಾಡಬೇಕು, ಏನು ಮಾತಾಡುವುದು ಎಂದು ಯೋಚಿಸಿಕೊಂಡು ಆಮೇಲೆ ಒಳಗೆ ಹೋಗೋಣ ಅಂದುಕೊಂಡ. ಅಷ್ಟರಲ್ಲಿ ಅಮ್ಮ ತಲೆ ಹೊರಳಿಸಿ ಬಾಗಿಲ ಕಡೆ ನೋಡಿದಳು. ನೋಡಿದಳೋ, ಸುಮ್ಮನೆ ತಲೆ ಹೊರಳಿತೋ. ಅವನು ಗಾಜಿನಿಂದ ಪಕ್ಕಕ್ಕೆ ಸರಿದ. ಆ ಸರಿದದ್ದು, ಅದೊಂದು ಹೆಜ್ಜೆ, ಅದು ಈಗಲೂ ಅವನ ಬಲಭುಜದಲ್ಲಿ ಇದೆ. ಯಾರಾದರೂ ಹೆಸರು ಹಿಡಿದು ಕೂಗಿದರೆ ಆ ಭುಜ ತಾನಾಗಿಯೇ ಗೋಡೆ ಹುಡುಕುತ್ತದೆ. ಆಮೇಲೆ ಕೆಳಗಿಳಿದು ಚಹಾ ಕುಡಿದ. ಹತ್ತು ನಿಮಿಷ ಬಿಟ್ಟು ಹೋಗುತ್ತೇನೆ ಎಂದುಕೊಂಡೇ ಬಸ್ಸು ಹತ್ತಿ ಆಫೀಸಿಗೆ ಹೋದ. ಸಂಜೆ ಮನೆಗೆ ಬಂದಾಗ ಅಕ್ಕ ಇನ್ನೂ ನಿದ್ದೆಗಣ್ಣಿನಲ್ಲಿದ್ದಳು. ನೋಡಿಕೊಂಡು ಬಂದೆ, ಎಂದ. ಕಾಲುಚೀಲ ಹಾಕಿದ್ಯಾ? ಹಾಕಿದೆ. ಅವಳು ಮತ್ತೆ ಆಸ್ಪತ್ರೆಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದಾಗ ಫೋನು ಬಂತು. ಕಾಲುಚೀಲ ಎಲ್ಲಿ ಹೋಯಿತೋ ಅವನಿಗೆ ಗೊತ್ತಿಲ್ಲ. ಬಸ್ಸಿನಲ್ಲೇ ಬಿಟ್ಟಿರಬೇಕು.

ಎಲ್ಲ ಮುಗಿದು, ಬಂದವರೆಲ್ಲ ಹೋದ ಮೇಲೆ ಅಡುಗೆಮನೆಯಲ್ಲಿ ಅಕ್ಕ ಕೇಳಿದಳು, ಕೊನೆಗೆ ಏನಾದ್ರೂ ಅಂದ್ಲಾ ನಿನ್ನ ಹತ್ರ. ಅವನ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ ಬಿತ್ತು. ಅವನ ಕಂಪನಿಯದೇ ಹಳೆಯ ಕ್ಯಾಲೆಂಡರು, ವರ್ಷಗಳಿಂದ ಒಂದೇ ತಿಂಗಳಲ್ಲಿ ನಿಂತದ್ದು. ಆ ಪುಟದಲ್ಲಿ ಆ ದೇಶದ ಮೋಡದ ಬಾಗಿಲಿನ ಚಿತ್ರ: ಬೆಟ್ಟದ ಬುಡದಿಂದ ಮೇಲಿನವರೆಗೆ ಕಲ್ಲಿನ ಮೆಟ್ಟಿಲು, ತುದಿಯಲ್ಲಿ ಬಾಗಿಲಿಲ್ಲದ ಒಂದು ಹೆಬ್ಬಾಗಿಲು. ಗೋಡೆಯ ಎಣ್ಣೆಕಲೆಗೆ ಸರಿಯಾದ ಅಳತೆ ಅಂತ ಅಮ್ಮ ಅದನ್ನು ಅಲ್ಲಿ ತೂಗುಹಾಕಿದ್ದಳು, ಅಷ್ಟೆ. ಅವನು ಹೇಳಿದ, ಅಕ್ಕನ್ನ ಅಲ್ಲಿಗೆ ಕರ್ಕೊಂಡು ಹೋಗು ಅಂದ್ಲು. ಅಕ್ಕ ಆ ಹತ್ತೊಂಬತ್ತು ದಿನದಲ್ಲಿ ಅತ್ತಿರಲಿಲ್ಲ. ಆಗ ಅತ್ತಳು. ಒಲೆಯ ಕಟ್ಟೆಗೆ ಹಣೆಯಿಟ್ಟು, ಭುಜ ಅಲುಗಾಡಿಸಿಕೊಂಡು ಅತ್ತಳು. ಅವನಿಗೆ ಎಷ್ಟು ಹಗುರವಾಯಿತೆಂದರೆ ತಾನು ನಿಜವಾಗಿಯೂ ಮಂಚದ ಪಕ್ಕ ಕೂತಿದ್ದೆ, ಅಮ್ಮ ನಿಜವಾಗಿಯೂ ಹೇಳಿದಳು ಎಂದೇ ಅನಿಸಿಬಿಟ್ಟಿತು.

ಆಮೇಲೆ ಅಕ್ಕ ಪ್ರತಿವರ್ಷ ಒಂದು ಸಲ ಕೇಳುತ್ತಿದ್ದಳು, ಅವನು ಪ್ರತಿವರ್ಷ ಮುಂದಿನ ವರ್ಷ ಎನ್ನುತ್ತಿದ್ದ. ಮೊನ್ನೆ ಡಾಕ್ಟರು ಅವಳ ಹೃದಯದ ಚಿತ್ರಗಳನ್ನು ಬೆಳಕಿಗೆ ಹಿಡಿದು, ವಿಮಾನ ಹತ್ತೋದಾದ್ರೆ ಈ ವರ್ಷವೇ ಹತ್ತಿ, ಮುಂದಿನ ವರ್ಷ ನಾನು ಒಪ್ಪಲ್ಲ. ಸಮತಟ್ಟು ಜಾಗದಲ್ಲಿ ಎಷ್ಟು ಬೇಕಾದ್ರೂ ಓಡಾಡಿ, ಮೆಟ್ಟಿಲು ಮಾತ್ರ ಬೇಡ, ಒಂದು ಮಹಡಿಗಿಂತ ಹೆಚ್ಚು ಹತ್ತಿದ್ರೆ ಅಲ್ಲೇ ಕುಸೀತೀರಿ, ಎಂದರು. ಅಕ್ಕ ಶಾಲೆಯ ಹುಡುಗಿಯ ಹಾಗೆ ತಲೆಯಾಡಿಸಿದಳು. ಹೊರಗೆ ಬಂದು ರಸ್ತೆ ದಾಟುವಾಗ ಅವನ ತೋಳು ಹಿಡಿದು, ಅವರಿಗೇನು ಗೊತ್ತು ಅಮ್ಮ ಹೇಳಿದ್ದು, ಎಂದಳು. ಮೋಡದ ಬಾಗಿಲಿಗೆ ಸಾವಿರದ ನೂರಾ ನಲವತ್ತು ಮೆಟ್ಟಿಲು. ಹತ್ತುವ ಆಯಾಸ ಗೊತ್ತೇ ಆಗುವುದಿಲ್ಲ ಎಂದು ಅವನೇ ಬರೆದಿದ್ದ.

ಎರಡಾಯ್ತು, ಎಂದರು ಗಡಿಯಾರದಮ್ಮ. ಅವನು ಪೆನ್ನು ತೆಗೆದುಕೊಂಡ. ಕೆರೆಯ ಅರಮನೆ, ಭೇ. ನೆಲದಡಿಯ ಊರು ಬೇಡ, ಅಲ್ಲಿ ಇಳಿಯುವ ಮೆಟ್ಟಿಲಿದೆ. ರಾಣಿಯ ತೋಟ, ಭೇ. ಹಳೆಯ ಪೇಟೆಬೀದಿ, ಭೇ. ಗಂಟೆಗೋಪುರ ಕೆಳಗಿನಿಂದಲೇ ಚೆಂದ, ನೋ. ಮಣ್ಣಿನ ಕೋಟೆ, ಭೇ. ನಾಣ್ಯಗಳ ಮ್ಯೂಸಿಯಂ, ಭೇ. ಐದಾಯಿತು. ಮಿಕ್ಕವಕ್ಕೆಲ್ಲ ನೋ. ಮೋಡದ ಬಾಗಿಲಿನ ಚೌಕವೊಂದು ಉಳಿಯಿತು. ಅಲ್ಲಿ ನೋ ಎಂದು ಬರೆದ. ಎರಡು ಗೆರೆ, ಒಂದು ಸುತ್ತು, ಅಷ್ಟೇ. ಬಸ್ಸು ಬೆಟ್ಟದ ತಿರುವಿನಲ್ಲಿ ನಾಲ್ಕು ನಿಮಿಷ ನಿಧಾನವಾಗುತ್ತದೆ. ಅಕ್ಕ ಕಿಟಕಿಯ ಪಕ್ಕ ಕೂತಿರುತ್ತಾಳೆ, ಇನ್ನೇನು ನಿಲ್ಲುತ್ತೆ ಎಂದು ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡಿರುತ್ತಾಳೆ. ಬಸ್ಸು ಮುಂದೆ ಹೋಗುತ್ತದೆ. ಮುಂದೆ ನಿಲ್ಲಿಸ್ತಾರಾ ಮರಿ, ಎಂದು ಕೇಳುತ್ತಾಳೆ. ಹೂಂ, ಮುಂದೆ, ಎಂದು ತಾನು ಹೇಳುತ್ತಾನೆ. ಅವಳ ಜೀವ ಉಳಿಸುವುದಕ್ಕಲ್ಲವಾ ಇದು, ಎಂದು ಕೇಳಿಕೊಂಡ. ಹೌದು, ಅದಕ್ಕೇ. ಆದರೂ ಪೆನ್ನಿನ ಮುಚ್ಚಳ ಹಾಕಲು ಹೋಗಿ ಎರಡು ಸಲ ತಪ್ಪಿದ.

ಮೂರೂಕಾಲಿಗೆ ಅಕ್ಕ ಆಫೀಸಿನ ಬಾಗಿಲಲ್ಲಿ ನಿಂತಿದ್ದಳು. ಬರುತ್ತೇನೆ ಎಂದಿರಲಿಲ್ಲ. ಒಂದು ಕೈ ಚೌಕಟ್ಟಿನ ಮೇಲೆ, ಇನ್ನೊಂದು ಕೈಯಲ್ಲಿ ಬಟ್ಟೆ ಅಳತೆಯ ಕಾಗದದ ತುಂಡು. ಮೂವತ್ತು ವರ್ಷ ಬಟ್ಟೆ ಅಂಗಡಿಯೊಂದರಲ್ಲಿ ಪ್ಯಾಂಟುಗಳ ಅಂಚು ಮಡಿಸಿ ಹೊಲಿದವಳು ಅವಳು. ಏನು ಬರೆದರೂ ಅಂಥ ಕಾಗದದ ಮೇಲೇ ಬರೆಯುವುದು. ಕಾಲಿಗೆ ಹೊಸ ಕ್ಯಾನ್ವಾಸ್ ಬೂಟು. ತುಟಿ ನೀಲಿಯಾಗಿತ್ತು.

"ಲಿಫ್ಟ್ ಕೆಟ್ಟಿದೆಯಾ?" ಎಂದು ಅವನು ಎದ್ದು ಓಡಿದ.

ಅವಳು ಉಸಿರು ಸಿಗುವ ತನಕ ಬೆರಳೆತ್ತಿ ತಡೆ ಎಂದಳು. ಆಮೇಲೆ, "ಚೆನ್ನಾಗೇ ಇದೆ. ಅಭ್ಯಾಸ ಆಗ್ಲಿ ಅಂತ ಹತ್ಕೊಂಡು ಬಂದೆ. ಮೂರು ಮಹಡಿ. ಮನೇಲಿ ದಿನಾ ಎರಡು ಹತ್ತಿ ಇಳೀತಿದೀನಿ, ನಿನಗೆ ಹೇಳಿರಲಿಲ್ಲ" ಎಂದಳು. ಅವಳ ಮುಖದಲ್ಲಿ ಹೆಮ್ಮೆ ಇತ್ತು. ಅದನ್ನು ನೋಡಿ ಅವನಿಗೆ ಭಯವಾಯಿತು.

ಗಡಿಯಾರದಮ್ಮ ಕುರ್ಚಿ ಎಳೆದುಕೊಟ್ಟು ನೀರು ತಂದರು. ಅಕ್ಕ ಎರಡು ಗುಟುಕು ಕುಡಿದು ಮೇಜಿನ ಮೇಲಿನ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ತನ್ನ ಕಾಗದವನ್ನು ಪಕ್ಕದಲ್ಲಿಟ್ಟಳು. ಅದರಲ್ಲಿ ಸೀಮೆಸುಣ್ಣದ ಬಳಪದಲ್ಲಿ ಒಂದೇ ಹೆಸರಿತ್ತು. "ಬೇರೆ ನಾಲ್ಕು ನಿನಗೆ ಬಿಟ್ಟದ್ದು, ನೀನು ಬಲ್ಲವನು. ಇದೊಂದು ಇದ್ರೆ ಸಾಕು ಅಂತ ಹೇಳೋಕೆ ಬಂದೆ. ಇದೇನಿದು, ನೋ?"

"ನೋ ಅಂದ್ರೆ ನೋಟ ಕಣ್ರೀ" ಎಂದರು ಗಡಿಯಾರದಮ್ಮ, ಉಪಕಾರ ಮಾಡುವ ದನಿಯಲ್ಲಿ. "ಇಳಿಯೋ ಹಾಗಿಲ್ಲ. ಕಿಟಕಿಯಿಂದ ನೋಡ್ಕೊಂಡು ಹೋಗೋದು."

ಅಕ್ಕ ಅವನತ್ತ ನೋಡಿದಳು. ಕೈತಪ್ಪಿ ಬರೆದಿರಬೇಕು, ಎಂದು ಅವನು ಹೇಳಿದ. ಬಾ ಇಲ್ಲಿ, ಎಂದು ಅವಳನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದ. ಅದು ಹಳೆಯ ಜಾಹೀರಾತು ಪುಸ್ತಕಗಳನ್ನು ಕಟ್ಟು ಕಟ್ಟಿ ಪೇರಿಸಿಟ್ಟ ಕೋಣೆ. ಅವಳನ್ನು ಒಂದು ಕಟ್ಟಿನ ಮೇಲೆ ಕೂರಿಸಿ ತಾನೊಂದರ ಮೇಲೆ ಕೂತ. ಇಬ್ಬರ ಕೆಳಗೂ ಅವನು ಬರೆದದ್ದೇ ಇತ್ತು.

"ಅಕ್ಕಾ, ಒಂದು ವಿಷಯ ನೆನಪಾಯ್ತು. ಅಮ್ಮ ಹೇಳಿದ್ದು ಮೋಡದ ಬಾಗಿಲಲ್ಲ. ಕೆರೆಯ ಅರಮನೆ. ನಾನೇ ಅವತ್ತು ಗಡಿಬಿಡಿಯಲ್ಲಿ..."

"ಹೊಲಿದು ಕೊಟ್ಟ ಮೇಲೆ ಅಳತೆ ಬದಲಾಯ್ಸಬೇಡ ಮರಿ" ಎಂದಳು ಅಕ್ಕ, ಸಿಟ್ಟಿಲ್ಲದೆ. "ಮೆಟ್ಟಿಲಿಗೆ ಹೆದರಿ ಹೇಳ್ತಿದೀಯ. ನೀನೇ ಬರೆದಿದ್ದೀಯಲ್ಲ, ಆಯಾಸ ಗೊತ್ತೇ ಆಗಲ್ಲ ಅಂತ. ಹತ್ತು ಸಲ ಓದಿದೀನಿ. ನಿಧಾನಕ್ಕೆ ಹತ್ತಿದ್ರಾಯ್ತು. ಜೀವ ಹೋದ್ರೆ ಅಲ್ಲೇ ಹೋಗ್ಲಿ. ಅವಳಿಗೆ ನನ್ನ ಹತ್ರ ಹೇಳೋಕೆ ಆಗಲಿಲ್ಲ, ನಾನು ಮಲಗಿದ್ದೆ ಅವತ್ತು. ಹದಿನೆಂಟು ದಿನ ಎದ್ದಿದ್ದು ಅವತ್ತೊಂದು ದಿನ ಮಲಗಿಬಿಟ್ಟೆ. ಅಷ್ಟಾದ್ರೂ ಮಾಡದಿದ್ರೆ ನಾನ್ಯಾತಕ್ಕೆ?"

ಅವಳ ಕುತ್ತಿಗೆಯ ನರ ಇನ್ನೂ ಹಾರುತ್ತಿತ್ತು. ಅವನು ಅದನ್ನು ಎಣಿಸಲು ಹೋಗಿ ತಪ್ಪಿದ. ಹನ್ನೊಂದು ವರ್ಷ ಅವಳು ಇದನ್ನು ಹೊತ್ತುಕೊಂಡಿದ್ದಾಳೆ, ಮಲಗಿದ್ದೆ ಎಂಬುದನ್ನು. ತಾನು ಕೊಟ್ಟ ಸುಳ್ಳು ಅವಳಿಗೆ ಸಮಾಧಾನ ಎಂದುಕೊಂಡಿದ್ದ. ಅವಳು ಅದನ್ನು ತೀರಿಸಬೇಕಾದ ಶಿಕ್ಷೆ ಮಾಡಿಕೊಂಡು ದಿನಾ ಎರಡು ಮಹಡಿ ಹತ್ತುತ್ತಿದ್ದಾಳೆ. ಮಾತು ಅವನ ಬಾಯಿಂದ ತಾನಾಗಿ ಬಿತ್ತು.

"ಅಮ್ಮ ಹೇಳಲೇ ಇಲ್ಲ ಅಕ್ಕಾ. ನಾನು ಕಟ್ಟಿ ಹೇಳಿದ್ದು. ಕ್ಯಾಲೆಂಡರ್ ನೋಡಿ ಹೇಳಿಬಿಟ್ಟೆ."

ಅಕ್ಕ ಅವನ ಮುಖವನ್ನೇ ನೋಡಿದಳು. ಇನ್ನೊಂದು ಸುಳ್ಳು ಇರಬಹುದೇ ಎಂದು ಹೊಲಿಗೆಯ ಒಳಬದಿ ನೋಡುವ ಹಾಗೆ ನೋಡಿದಳು. "ಏನೂ ಹೇಳಲಿಲ್ವಾ?"

"ಇಲ್ಲ."

"ಮಾತಾಡೋ ಸ್ಥಿತೀಲಿ ಇರಲಿಲ್ವಾ?"

ಹೌದು ಎಂದರೆ ಮುಗಿಯುತ್ತಿತ್ತು. ಅವನು ಕೂತ ಕಟ್ಟಿನ ಅಂಚು ಹಿಡಿದುಕೊಂಡ.

"ಕಾಲುಚೀಲ ಹಾಕಿದಾಗ ಕಣ್ಣು ಬಿಟ್ಟಿರಬೇಕಲ್ಲ. ಕಾಲು ಮುಟ್ಟಿದ್ರೆ ಎಚ್ಚರಾಗ್ತಿತ್ತು ಅವಳಿಗೆ."

ಕೋಣೆಯಲ್ಲಿ ಹಳೆಯ ಅಂಟಿನ ವಾಸನೆ ಇತ್ತು. ಹೊರಗೆ ಯಜಮಾನರು ಯಾರಿಗೋ ಫೋನಿನಲ್ಲಿ ಹದಿನಾಲ್ಕು ಸ್ಥಳ ಸಾರ್, ಹದಿನಾಲ್ಕು, ಎನ್ನುತ್ತಿದ್ದರು. ಅವನ ಬಲಭುಜ ಗೋಡೆಗೆ ತಾಗಿತ್ತು. ಇನ್ನು ಸರಿಯಲು ಜಾಗವಿರಲಿಲ್ಲ. "ನಾನು ಒಳಗೆ ಹೋಗಲಿಲ್ಲ" ಎಂದ. "ಬಾಗಿಲ ಗಾಜಿನಿಂದ ನೋಡಿದೆ. ನೋಡಿ, ಬಂದುಬಿಟ್ಟೆ."

ಅಕ್ಕ ಬೈಯಲಿಲ್ಲ. ಬೈದಿದ್ದರೆ ಅವನು ಅಳಬಹುದಿತ್ತು, ಕಾಲು ಹಿಡಿಯಬಹುದಿತ್ತು, ಅದಕ್ಕೆಲ್ಲ ಅವನು ಹನ್ನೊಂದು ವರ್ಷದಿಂದ ತಯಾರಾಗಿದ್ದ. ಅವಳು ಕೈಯಲ್ಲಿದ್ದ ಕಾಗದವನ್ನು ನಾಲ್ಕು ಮಡಿಕೆ ಮಾಡಿದಳು, ಮಡಿಕೆಯ ಮೇಲೆ ಉಗುರೆಳೆದಳು.

"ಹಾಗಾದ್ರೆ ಅವತ್ತಿಡೀ ಅವಳು ಒಬ್ಬಳೇ ಇದ್ಳು" ಎಂದಳು.

ಅವನಿಗೆ ಇದು ಹೊಳೆದೇ ಇರಲಿಲ್ಲ. ತಾನು ಹೋಗಲಿಲ್ಲ ಎಂಬುದು ಗೊತ್ತಿತ್ತು, ತಾನು ಸುಳ್ಳು ಹೇಳಿದೆ ಎಂಬುದು ಗೊತ್ತಿತ್ತು, ಯಾವಾಗ ನೋಡಿದರೂ ಎಲ್ಲ ತಾನು, ತಾನು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರೂವರೆಯವರೆಗೆ ಮೂರನೇ ಮಂಚದಲ್ಲಿ ಒಬ್ಬಳು ಬಾಗಿಲ ಕಡೆ ತಲೆ ಹೊರಳಿಸಿಕೊಂಡು ಇದ್ದಳು ಎಂಬುದು ಅವನ ಕಥೆಯಲ್ಲಿ ಇರಲೇ ಇಲ್ಲ.

"ಏನು ಕಾಣಿಸ್ತು?" ಎಂದಳು ಅಕ್ಕ.

"ಏನು?"

"ಗಾಜಿನಿಂದ. ಇಷ್ಟೆಲ್ಲ ನೋಡದೆ ಇರೋದನ್ನ ಬರೀತೀಯಲ್ಲ. ಅದೊಂದು ನೋಡಿದೀಯ. ಹೇಳು."

ಅವನು ಹೇಳತೊಡಗಿದ. ಕೊಳವೆ ಹೇಳಿದ, ತೆರೆದ ಬಾಯಿ ಹೇಳಿದ, ಕಿಟಕಿಯ ಬಿಸಿಲು ಪಕ್ಕದ ಮಂಚದವರೆಗೆ ಬಂದು ನಿಂತದ್ದನ್ನು ಹೇಳಿದ. ಮಂಚದ ಕೆಳಗೆ ಅಕ್ಕನ ಸ್ಟೂಲು ತಳ್ಳಿಟ್ಟದ್ದನ್ನು ಹೇಳಿದ. ಒಂದು ಚೂರೂ ಸೇರಿಸದೆ ಹೇಳುತ್ತಿದ್ದೇನೆ ಎಂಬುದು ಅವನಿಗೆ ವಿಚಿತ್ರವಾಗಿತ್ತು. "ಒಂದು ಕಾಲು ಹೊದಿಕೆಯಿಂದ ಹೊರಗೆ ಬಂದಿತ್ತು" ಎಂದ.

"ಯಾವ ಕಾಲು?"

ಬಲಗಾಲು ಎಂಬ ಮಾತು ನಾಲಿಗೆಯ ತುದಿಯಲ್ಲೇ ಸಿದ್ಧವಾಗಿತ್ತು. ಕೇಳಿದವರಿಗೆ ಯಾವುದು ಹಿತವೋ ಅದು ಅವನ ನಾಲಿಗೆಗೆ ಇಪ್ಪತ್ತಾರು ವರ್ಷಗಳಿಂದ ತಾನಾಗಿ ಬರುತ್ತಿತ್ತು. ಕಣ್ಣು ಮುಚ್ಚಿ ಮತ್ತೆ ಗಾಜಿಗೆ ಬಗ್ಗಿದ. ಹೊದಿಕೆ ಕಂಡಿತು, ಮಂಚದ ಸರಳು ಕಂಡಿತು, ಹಿಮ್ಮಡಿ ಬಿಳಿಚಿ ಬಿರುಕುಬಿಟ್ಟದ್ದು ಕಂಡಿತು. ಅದು ಯಾವ ಕಾಲಿನದು ಎಂಬುದು ಕಾಣಲಿಲ್ಲ.

"ಗೊತ್ತಿಲ್ಲ" ಎಂದ. "ನೋಡಲಿಲ್ಲ."

ಅಕ್ಕ ತಲೆಯಾಡಿಸಿದಳು. ಮೆಟ್ಟಿಲು ಹತ್ತಿ ಪಾದ ಊದಿಕೊಂಡಿದ್ದವು, ಕ್ಯಾನ್ವಾಸು ಬಿಗಿದು ಅಂಚಿನ ಮೇಲೆ ಮಾಂಸ ಉಬ್ಬಿತ್ತು. ಅವಳು ಒಂದು ಕೈ ಎದೆಯ ಮೇಲಿಟ್ಟುಕೊಂಡು, ಕಷ್ಟದಿಂದ ಬಗ್ಗಿ, ಎಡಗಾಲಿನ ಬೂಟಿನ ದಾರಕ್ಕೆ ಕೈಹಾಕಿದಳು. ಗಂಟು ಬಿಗಿಯಾಗಿತ್ತು. ಬಾಗಿಲ ಆಚೆಯಿಂದ ಗಡಿಯಾರದಮ್ಮ, ನಾಲ್ಕಾಯ್ತು, ಕಳಿಸ್ಲಾ, ಎಂದು ಕೇಳಿದರು. ಅವನು ಕಟ್ಟಿನಿಂದ ಇಳಿದು, ನೆಲದ ಮೇಲೆ ಮಂಡಿಯೂರಿ, ದಾರ ಬಿಚ್ಚಲೆಂದು ಕೈ ಚಾಚಿದ.

ಅಕ್ಕ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

"ಬೇಡ ಮರಿ" ಎಂದಳು. "ನೀನು ನೋಡ್ತಾ ಇರು."